ಹಬ್ಬದ ತಾಟಿನಲ್ಲಿ ಹೊಸ ಅಡುಗೆ: ಕೇಳಿ ಉಣ್ಣಿರಿ, ಸಂತೋಷದಿಂದ ಉಣ್ಣಿರಿ



ಹಬ್ಬ ಹತ್ತಿರ ಬಂದಾಗ ನಮ್ಮ ವಾರ್ಡಿನಲ್ಲಿ ಹೆಚ್ಚಾಗಿ ಕೇಳಿಬರುವ ಪ್ರಶ್ನೆ ಒಂದೇ: "ಸಿಸ್ಟರ್, ಹಬ್ಬದ ದಿನ ನಾವು ಏನೂ ತಿನ್ನಬಾರದೇನ್ರಿ?" ಸಕ್ಕರೆ ಕಾಯಿಲೆಯವರು, ರಕ್ತದೊತ್ತಡದವರು (ಬಿ.ಪಿ.), ಹೃದಯ ಮತ್ತು ಮೂತ್ರಪಿಂಡದ ತೊಂದರೆಯವರು ಎಲ್ಲರೂ ಇದನ್ನು ಕೇಳುತ್ತಾರೆ. ಈಚಿನ ವರ್ಷಗಳಲ್ಲಿ ಇದರ ಜೊತೆಗೆ ಇನ್ನೊಂದು ಪ್ರಶ್ನೆಯೂ ಸೇರಿಕೊಂಡಿದೆ. "ನಮ್ಮ ಅತ್ತಿಗೆ ನನಗಂತಲೇ ಶುಗರ್ ಇಲ್ಲದ ಹೋಳಿಗೆ ಮಾಡ್ತಾಳ್ರಿ. ಅದನ್ನು ಎಷ್ಟು ಬೇಕಾದರೂ ತಿನ್ನಬಹುದಲ್ಲ?"

ಎರಡೂ ಪ್ರಶ್ನೆಗಳಿಗೆ ನಮ್ಮ ಉತ್ತರ ಒಂದೇ. ತಿನ್ನಬಹುದು, ಆದರೆ ಕೇಳಿ ತಿನ್ನಬೇಕು. ಯಾರನ್ನು ಕೇಳಬೇಕು, ಏನೆಂದು ಕೇಳಬೇಕು, ಉತ್ತರ ಬಂದ ಮೇಲೆ ತಾಟಿನಲ್ಲಿ ಏನು ಮಾಡಬೇಕು ಎಂಬುದನ್ನು ಈ ಪಾಠದಲ್ಲಿ ತಿಳಿದುಕೊಳ್ಳೋಣ. ಉದಾಹರಣೆಗಾಗಿ ನಮ್ಮ ಭಾಗದ ಎಳ್ಳು ಅಮಾವಾಸ್ಯೆಯ ಊಟವನ್ನು ತೆಗೆದುಕೊಂಡಿದ್ದೇವೆ. ಇಲ್ಲಿ ಹೇಳಿದ ಮಾತು ಯುಗಾದಿ, ನಾಗರ ಪಂಚಮಿ, ದೀಪಾವಳಿಗೂ ಅನ್ವಯಿಸುತ್ತದೆ.

ಹೊಸ ಅಡುಗೆ ಎಂದರೆ ಹೆದರಬೇಕೇ?

ಮಾರ್ಗಶಿರ ಮಾಸದ ಅಮಾವಾಸ್ಯೆಯಂದು, ಅಂದರೆ ಡಿಸೆಂಬರ್ ಅಥವಾ ಜನವರಿ ತಿಂಗಳಲ್ಲಿ, ಕಲಬುರಗಿ, ಬೀದರ್, ವಿಜಯಪುರ, ಬಾಗಲಕೋಟೆ ಕಡೆಯ ಕುಟುಂಬಗಳು ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗುತ್ತವೆ. ಪೂಜೆ ಮಾಡಿ, ಚರಗ ಚೆಲ್ಲಿ, ಎಲ್ಲರೂ ಒಟ್ಟಿಗೆ ಕುಳಿತು ಊಟ ಮಾಡುತ್ತಾರೆ. ಸಜ್ಜೆ ರೊಟ್ಟಿ, ಸಜ್ಜೆ ಕಡಬು, ಬಜ್ಜಿ, ಎಣ್ಣೆಗಾಯಿ, ಗುರೆಳ್ಳು ಹಿಂಡಿ, ಶೇಂಗಾ ಹೋಳಿಗೆ, ಎಳ್ಳು ಹೋಳಿಗೆ, ಅಂಬಲಿ, ಮೊಸರನ್ನ ಇವು ಹಳೆಯ ಪಟ್ಟಿ. ಈಗ ಇದರ ನಡುವೆ ನವಣೆಯ ಹೋಳಿಗೆ, ಖರ್ಜೂರದ ಹೂರಣ, ಗಜ್ಜರಿ ಹಾಕಿದ ಕಡಬು, ಓಟ್ಸ್ ಸೇರಿಸಿದ ಬಜ್ಜಿ, ಮಕ್ಕಳಿಗಾಗಿ ಖಡಕ್ ರೊಟ್ಟಿಯ ಮೇಲೆ ಚೀಸ್ ಮತ್ತು ಸಾಸ್ ಹಾಕಿದ ಪಿಜ್ಜಾ ಕೂಡ ಕಾಣಿಸುತ್ತವೆ. ಪ್ರತಿ ಮನೆಯಲ್ಲಿಯೂ ಹೀಗೆ ಏನಾದರೂ ಹೊಸದು ಮಾಡುವ ಒಬ್ಬ ಸೊಸೆ, ಅತ್ತಿಗೆ ಅಥವಾ ಚಿಕ್ಕಮ್ಮ ಇದ್ದೇ ಇರುತ್ತಾರೆ.

ಹಿರಿಯರು ಕೆಲವರು, "ಇದೆಲ್ಲ ನಮ್ಮ ಪದ್ಧತಿಯಲ್ಲ" ಎಂದು ಮುಖ ತಿರುಗಿಸುತ್ತಾರೆ. ಆದರೆ ಒಂದು ಮಾತು ಯೋಚಿಸಿರಿ. ಶೇಂಗಾ ಮತ್ತು ಮೆಣಸಿನಕಾಯಿ ಎರಡೂ ದಕ್ಷಿಣ ಮತ್ತು ಮಧ್ಯ ಅಮೆರಿಕದ ಬೆಳೆಗಳು. ಪೋರ್ಚುಗೀಸರು 1498 ರಲ್ಲಿ ಸಮುದ್ರದ ದಾರಿಯಿಂದ ಭಾರತಕ್ಕೆ ಬಂದ ನಂತರವೇ ಇವು ನಮ್ಮ ದೇಶಕ್ಕೆ ಬಂದವು. ಅಂದರೆ ಶೇಂಗಾ ಹೋಳಿಗೆಯೂ ಒಂದು ಕಾಲಕ್ಕೆ ಯಾವುದೋ ಮನೆಯ ಗೃಹಿಣಿ ಧೈರ್ಯ ಮಾಡಿ ತಟ್ಟಿದ ಹೊಸ ಅಡುಗೆಯೇ. ಬಜ್ಜಿಯಂತೂ ಆ ಹೊತ್ತಿಗೆ ಹೊಲದಲ್ಲಿ ಸಿಕ್ಕ ಹಸಿ ತೊಗರಿ, ಅವರೆ, ಬಟಾಣಿ, ಕಡಲೆ, ಸೊಪ್ಪುಗಳನ್ನೆಲ್ಲ ಕೂಡಿಸಿ ಮಾಡುವ ಜಾಣತನದ ಅಡುಗೆ. ಹೀಗಾಗಿ ಹೊಸದೆಂಬ ಕಾರಣಕ್ಕೆ ಬೇಡವೆನ್ನುವ ಅಗತ್ಯವಿಲ್ಲ.

ಹಳೆಯ ಅಡುಗೆಗೂ ಹೊಸ ಅಡುಗೆಗೂ ರೋಗಿಯ ದೃಷ್ಟಿಯಿಂದ ವ್ಯತ್ಯಾಸ ಒಂದೇ. ಹಳೆಯ ಅಡುಗೆಯಲ್ಲಿ ಏನಿದೆ ಎಂಬುದು ನಿಮಗೆ ಗೊತ್ತು. ಹೊಸ ಅಡುಗೆಯಲ್ಲಿ ಏನಿದೆ ಎಂಬುದು ಅದನ್ನು ಮಾಡಿದವರಿಗೆ ಮಾತ್ರ ಗೊತ್ತು. ಆದ್ದರಿಂದ ಅವರನ್ನೇ ಕೇಳಬೇಕು.

ಕೇಳುವುದು ಅನುಮಾನವಲ್ಲ, ಗೌರವ

"ಇಷ್ಟು ಕಷ್ಟಪಟ್ಟು ಮಾಡಿದ್ದಾಳೆ, ಏನು ಹಾಕಿದ್ದೀಯೆಂದು ಕೇಳಿದರೆ ಬೇಜಾರಾದಾಳು" ಎಂದು ಅನೇಕರು ಸುಮ್ಮನೆ ತಿಂದುಬಿಡುತ್ತಾರೆ. ಕೆಲವರು ಕೇಳಲಾರದೆ ತಾಟು ಹಿಡಿದು ದೂರ ಹೋಗಿ ಬರೀ ರೊಟ್ಟಿ ಮೊಸರು ಉಣ್ಣುತ್ತಾರೆ. ಎರಡೂ ಸರಿಯಲ್ಲ. ಮೊದಲನೆಯದರಿಂದ ದೇಹಕ್ಕೆ ಪೆಟ್ಟು, ಎರಡನೆಯದರಿಂದ ಮನಸ್ಸಿಗೆ ಪೆಟ್ಟು.

ನಸುಕಿನಲ್ಲಿ ಎದ್ದು ಹೊಸದೊಂದನ್ನು ಮಾಡಿದವರಿಗೆ "ಇದನ್ನು ಹೇಗೆ ಮಾಡಿದಿ? ಏನೇನು ಹಾಕಿದಿ?" ಎಂಬ ಪ್ರಶ್ನೆಗಿಂತ ಸಿಹಿಯಾದದ್ದು ಇನ್ನೊಂದಿಲ್ಲ. ಅವರು ಅಕ್ಕರೆಯಿಂದ ಒಂದೊಂದಾಗಿ ಹೇಳುತ್ತಾರೆ. ನೀವು ಕೇಳಿಸಿಕೊಳ್ಳುತ್ತಾ ನಿಮಗೆ ಬೇಕಾದ ಉತ್ತರವನ್ನು ಆರಿಸಿಕೊಳ್ಳಬಹುದು. ನಾಲ್ಕು ವಿಷಯಗಳನ್ನು ಮಾತ್ರ ಲಕ್ಷ್ಯವಿಟ್ಟು ಕೇಳಿರಿ.

1. ಸಿಹಿ ಯಾವುದರಿಂದ ಬಂದಿದೆ?

"ಸಕ್ಕರೆ ಹಾಕಿಲ್ಲ, ಬೆಲ್ಲ ಹಾಕಿದ್ದೇನೆ" ಎಂಬ ಉತ್ತರ ಬಂದರೆ ಸಮಾಧಾನಪಡಬೇಡಿರಿ. ಬೆಲ್ಲದಲ್ಲಿ ನೂರಕ್ಕೆ 80 ಕ್ಕಿಂತ ಹೆಚ್ಚು ಪಾಲು ಸಕ್ಕರೆಯೇ. ಜೇನುತುಪ್ಪದಲ್ಲಿಯೂ ಸುಮಾರು 80 ಪಾಲು ಸಕ್ಕರೆ ಇದೆ. ಒಣ ಖರ್ಜೂರದಲ್ಲಿ ನಾರಿನಂಶವಿದ್ದರೂ ಅರ್ಧಕ್ಕಿಂತ ಹೆಚ್ಚು ಸಕ್ಕರೆಯೇ. ಹೆಸರು ಬದಲಾದರೂ ರಕ್ತದಲ್ಲಿ ಏರುವ ಗ್ಲುಕೋಸ್ ಬದಲಾಗುವುದಿಲ್ಲ. ಒಂದು ಹೋಳಿಗೆಗೆ 20 ಗ್ರಾಂ ಬೆಲ್ಲ ಹಿಡಿದಿದ್ದರೆ, ಅದು ಮೂರು ಚಹಾ ಚಮಚ ಸಕ್ಕರೆಗಿಂತ ಹೆಚ್ಚು.

"ಗೋಧಿ ಬದಲು ನವಣೆ ಹಾಕಿದ್ದೇನೆ" ಎಂದರೆ ಅದು ಒಳ್ಳೆಯ ಮಾತು. ಸಿರಿಧಾನ್ಯಗಳಲ್ಲಿ ನಾರಿನಂಶ, ಖನಿಜಗಳು ಚೆನ್ನಾಗಿವೆ. ಭಾರತದ ಸೂಚನೆಯ ಮೇರೆಗೆ ವಿಶ್ವಸಂಸ್ಥೆಯು 2023 ನ್ನು ಅಂತರರಾಷ್ಟ್ರೀಯ ಸಿರಿಧಾನ್ಯ ವರ್ಷವೆಂದು ಆಚರಿಸಿದ ಮೇಲೆ ಇವು ಮನೆಮನೆಗೆ ಮರಳಿವೆ. ಆದರೆ ನೆನಪಿಡಿರಿ, ಅಕ್ಕಿ, ಜೋಳ, ಸಜ್ಜೆ, ನವಣೆ ಯಾವುದೇ ಇರಲಿ, 100 ಗ್ರಾಂ ಒಣ ಧಾನ್ಯದಲ್ಲಿ ಸುಮಾರು 60 ರಿಂದ 78 ಗ್ರಾಂ ಪಿಷ್ಟವಿರುತ್ತದೆ. ಸಿರಿಧಾನ್ಯವೂ ಅಳತೆಯಲ್ಲಿಯೇ ಇರಬೇಕು.

ಸಕ್ಕರೆಯ ಬದಲು ಅಂಗಡಿಯ ಸಿಹಿ ಪುಡಿ ಬಳಸಿದ್ದರೆ ಅದರ ಪೊಟ್ಟಣವನ್ನು ತರಿಸಿ ಓದಿಸಿರಿ. ಸಾರ್ಬಿಟಾಲ್, ಮಾಲ್ಟಿಟಾಲ್ ಇರುವ ಸಿಹಿ ಹೆಚ್ಚು ತಿಂದರೆ ಹೊಟ್ಟೆ ಉಬ್ಬರ, ಭೇದಿ ಆಗುತ್ತದೆ. ಯಾವ ಸಿಹಿ ಪುಡಿ ಹಾಕಿದರೂ ಹೋಳಿಗೆಯ ಕಣಕ, ಶೇಂಗಾ, ಎಣ್ಣೆ ಹಾಗೆಯೇ ಉಳಿಯುತ್ತವೆ ಎಂಬುದನ್ನು ಮರೆಯಬಾರದು.

2. ಉಪ್ಪು ಯಾವುದು, ಎಲ್ಲೆಲ್ಲಿ ಇದೆ?

ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ಒಬ್ಬ ವಯಸ್ಕರಿಗೆ ದಿನಕ್ಕೆ 5 ಗ್ರಾಂಗಿಂತ ಕಡಿಮೆ ಉಪ್ಪು ಸಾಕು. ಅಂದರೆ ಒಂದು ಚಹಾ ಚಮಚಕ್ಕಿಂತ ಕಡಿಮೆ. ಹೊಸ ಅಡುಗೆಗಳಲ್ಲಿ ಉಪ್ಪು ಬೇರೆ ವೇಷದಲ್ಲಿ ಬರುತ್ತದೆ. ಒಂದು ಊಟದ ಚಮಚ ಸೋಯಾ ಸಾಸ್‌ನಲ್ಲಿ ಸುಮಾರು 900 ಮಿಲಿಗ್ರಾಂ ಸೋಡಿಯಂ ಇರುತ್ತದೆ. ಒಂದು ಚಹಾ ಚಮಚ ಅಡುಗೆ ಸೋಡಾದಲ್ಲಿ 1200 ಮಿಲಿಗ್ರಾಂಗೂ ಹೆಚ್ಚು ಇರುತ್ತದೆ. ದಿನದ ಮಿತಿಯೇ 2000 ಮಿಲಿಗ್ರಾಂ ಸೋಡಿಯಂ. ಚೀಸ್, ಟೊಮೆಟೊ ಸಾಸ್, ನೂಡಲ್ಸ್ ಮಸಾಲೆ ಇವುಗಳಲ್ಲಿಯೂ ಉಪ್ಪು ಅಡಗಿರುತ್ತದೆ. ಸೈಂಧವ ಲವಣವೂ ಮುಖ್ಯವಾಗಿ ಸೋಡಿಯಂ ಕ್ಲೋರೈಡೇ. ಅದು ಬಿ.ಪಿ.ಗೆ ಔಷಧಿಯಲ್ಲ.

ಇಲ್ಲಿ ಒಂದು ಮುಖ್ಯವಾದ ಎಚ್ಚರಿಕೆ. ನಿಮ್ಮ ಮೇಲಿನ ಪ್ರೀತಿಯಿಂದ ಯಾರಾದರೂ "ಕಡಿಮೆ ಸೋಡಿಯಂ ಉಪ್ಪು" ಹಾಕಿ ಅಡುಗೆ ಮಾಡಿರಬಹುದು. ಈ ಉಪ್ಪಿನಲ್ಲಿ ಸೋಡಿಯಂ ಬದಲು ಪೊಟ್ಯಾಸಿಯಂ ಇರುತ್ತದೆ. ಆರೋಗ್ಯವಂತರಿಗೆ ಇದರಿಂದ ಉಪಯೋಗವಿದೆ. ಆದರೆ ಮೂತ್ರಪಿಂಡದ ಕಾಯಿಲೆ ಇದ್ದವರಿಗೆ ಇದು ಅಪಾಯ. ಎನಲಪ್ರಿಲ್, ರಾಮಿಪ್ರಿಲ್, ಲೊಸಾರ್ಟನ್, ಟೆಲ್ಮಿಸಾರ್ಟನ್, ಸ್ಪೈರೊನೊಲ್ಯಾಕ್ಟೋನ್ ಮಾತ್ರೆ ತೆಗೆದುಕೊಳ್ಳುವವರು ವೈದ್ಯರನ್ನು ಕೇಳದೆ ಇದನ್ನು ಬಳಸಬಾರದು. ರಕ್ತದಲ್ಲಿ ಪೊಟ್ಯಾಸಿಯಂ ಏರಿದರೆ ಹೃದಯದ ಬಡಿತ ತಪ್ಪುತ್ತದೆ. ಮುನ್ಸೂಚನೆ ಇಲ್ಲದೆಯೂ ಹೀಗಾಗಬಹುದು. ವಿಶ್ವ ಆರೋಗ್ಯ ಸಂಸ್ಥೆಯು 2025 ರಲ್ಲಿ ಈ ಉಪ್ಪಿನ ಬಗ್ಗೆ ಸಲಹೆ ಕೊಟ್ಟಾಗಲೂ ಮೂತ್ರಪಿಂಡದ ತೊಂದರೆಯವರು, ಗರ್ಭಿಣಿಯರು ಮತ್ತು ಮಕ್ಕಳನ್ನು ಅದರಿಂದ ಹೊರಗಿಟ್ಟಿದೆ.

3. ಹೊಸದಾಗಿ ಏನು ಸೇರಿಸಿದ್ದೀರಿ?

ಬಜ್ಜಿಯಲ್ಲಿ ಸೊಪ್ಪು ಎಷ್ಟು ಹೆಚ್ಚಿದ್ದರೆ ಅಷ್ಟು ಒಳ್ಳೆಯದೆಂದು ನಾವು ಸಾಮಾನ್ಯವಾಗಿ ಹೇಳುತ್ತೇವೆ. ಆದರೆ ಹೃದಯದ ಕವಾಟದ ಶಸ್ತ್ರಚಿಕಿತ್ಸೆ ಆಗಿ ವಾರ್ಫರಿನ್ ಅಥವಾ ಅಸೆನೋಕೌಮರಾಲ್ ಮಾತ್ರೆ ತೆಗೆದುಕೊಳ್ಳುವವರು ಒಂದೇ ದಿನ ರಾಶಿ ಸೊಪ್ಪು ತಿಂದರೆ ಮಾತ್ರೆಯ ಕೆಲಸ ಕಡಿಮೆಯಾಗಬಹುದು. ಹಸಿರು ಸೊಪ್ಪಿನಲ್ಲಿರುವ ಕೆ ಜೀವಸತ್ವ ಇದಕ್ಕೆ ಕಾರಣ. ಇವರು ಸೊಪ್ಪು ಬಿಡಬೇಕಾಗಿಲ್ಲ. ಪ್ರತಿದಿನ ತಿನ್ನುವಷ್ಟನ್ನೇ ಹಬ್ಬದ ದಿನವೂ ತಿಂದರೆ ಸಾಕು.

ಡಯಾಲಿಸಿಸ್ ಮಾಡಿಸಿಕೊಳ್ಳುವವರಿಗೆ ಸೊಪ್ಪು, ಕಾಳು, ಟೊಮೆಟೊ, ಶೇಂಗಾ, ಎಳನೀರು ಇವುಗಳಲ್ಲಿರುವ ಪೊಟ್ಯಾಸಿಯಂ ತೊಂದರೆ ಮಾಡುತ್ತದೆ. ತರಕಾರಿಯನ್ನು ಸಣ್ಣಗೆ ಹೆಚ್ಚಿ, ಹೆಚ್ಚು ನೀರಿನಲ್ಲಿ ಕುದಿಸಿ, ಆ ನೀರನ್ನು ಬಸಿದು ಚೆಲ್ಲಿದರೆ ಪೊಟ್ಯಾಸಿಯಂ ಸ್ವಲ್ಪ ಕಡಿಮೆಯಾಗುತ್ತದೆ. ಹಾಗೆ ಬೇರೆಯಾಗಿ ಒಂದು ಚಿಕ್ಕ ಬಟ್ಟಲು ಮಾಡಿಕೊಡಲು ಮೊದಲೇ ಹೇಳಿರಿ. ಅಂಬಲಿ ಮತ್ತು ಮಜ್ಜಿಗೆಯನ್ನೂ ನಿಮ್ಮ ದಿನದ ನೀರಿನ ಲೆಕ್ಕದಲ್ಲಿ ಸೇರಿಸಬೇಕು.

ಶೇಂಗಾ, ಎಳ್ಳು, ಗೋಡಂಬಿ ಕೆಲವರಿಗೆ ಒಗ್ಗುವುದಿಲ್ಲ. ತಿಂದ ಕೂಡಲೇ ಮೈಮೇಲೆ ದದ್ದು, ತುಟಿ ಊತ, ಉಸಿರುಗಟ್ಟುವಿಕೆ ಕಂಡರೆ ತಡಮಾಡದೆ ಆಸ್ಪತ್ರೆಗೆ ಕರೆತನ್ನಿರಿ. ಐದು ವರ್ಷದೊಳಗಿನ ಮಕ್ಕಳಿಗೆ ಇಡೀ ಶೇಂಗಾ ಕಾಳು ಕೊಡಬಾರದು, ಅದು ಶ್ವಾಸನಾಳಕ್ಕೆ ಹೋಗುವ ಭಯವಿದೆ. ಪಾರ್ಶ್ವವಾಯುವಿನಿಂದ ನುಂಗಲು ಕಷ್ಟವಿರುವ ಹಿರಿಯರಿಗೆ ಖಡಕ್ ರೊಟ್ಟಿ, ಒಣ ಉಂಡಿ ಕೊಡಬೇಡಿರಿ. ಅವರಿಗೆ ಯಾವ ಹದದ ಊಟ ಕೊಡಬೇಕೆಂದು ನಾವು ಹೇಳಿಕೊಟ್ಟಿರುತ್ತೇವೆ, ಅದನ್ನೇ ಹಬ್ಬದ ದಿನವೂ ಪಾಲಿಸಿರಿ.

4. ಯಾವಾಗ ಮಾಡಿದ್ದು?

ಖಡಕ್ ರೊಟ್ಟಿ, ಹಿಂಡಿ, ಶೇಂಗಾ ಹೋಳಿಗೆ ದಿನಗಟ್ಟಲೆ ಕೆಡುವುದಿಲ್ಲ. ಅವುಗಳಲ್ಲಿ ನೀರಿನಂಶ ಕಡಿಮೆ, ರೋಗಾಣುಗಳು ಬೆಳೆಯಲು ನೀರು ಬೇಕು. ನಮ್ಮ ಹಿರಿಯರು ಬುತ್ತಿಗೆ ಇವುಗಳನ್ನು ಆರಿಸಿದ್ದು ಸುಮ್ಮನೆ ಅಲ್ಲ. ಆದರೆ ಹೊಸ ಅಡುಗೆಯಲ್ಲಿ ಪನೀರ್, ಕ್ರೀಮ್, ಹಸಿ ತೆಂಗಿನಕಾಯಿ, ಬೇಯಿಸಿದ ತರಕಾರಿ ಇದ್ದರೆ ಅದಕ್ಕೆ ಈ ರಕ್ಷಣೆ ಇಲ್ಲ. ಬೇಯಿಸಿದ ಹಸಿ ಪದಾರ್ಥವನ್ನು 2 ಗಂಟೆಗಿಂತ ಹೆಚ್ಚು ಹೊತ್ತು ಹೊರಗಿಡಬಾರದು ಎಂಬುದು ನಿಯಮ. ರಾತ್ರಿ ಮಾಡಿ ಮರುದಿನ ಮಧ್ಯಾಹ್ನ ಹೊಲದಲ್ಲಿ ಬುತ್ತಿ ಬಿಚ್ಚುವುದಾದರೆ ಅಂಥ ಅಡುಗೆ ಬೇಡ. ಬಿಸಿ ಆರದ ಡಬ್ಬಿಯಲ್ಲಿ ಬೆಳಿಗ್ಗೆ ಬಿಸಿಯಾಗಿಯೇ ತುಂಬಿ ತರಬಹುದು.

ತಾಟಿನ ಲೆಕ್ಕ: ಮೇಲೆ ಅಲ್ಲ, ಬದಲಿಗೆ

ಉತ್ತರ ಸಿಕ್ಕಿತು. ಈಗ ಎಷ್ಟು ತಿನ್ನಬೇಕು? ಸುಲಭವಾದ ಲೆಕ್ಕ ಹೀಗಿದೆ. ಹೊಸ ಅಡುಗೆಯನ್ನು ಎಲ್ಲದರ ಮೇಲೆ ತಿನ್ನಬೇಡಿರಿ, ಯಾವುದಾದರೊಂದರ ಬದಲಿಗೆ ತಿನ್ನಿರಿ. ಒಂದು ಮಧ್ಯಮ ಗಾತ್ರದ ಜೋಳದ ರೊಟ್ಟಿಗೆ ಸುಮಾರು 50 ಗ್ರಾಂ ಹಿಟ್ಟು ಹಿಡಿದರೆ ಅದರಲ್ಲಿ ಸುಮಾರು 35 ಗ್ರಾಂ ಪಿಷ್ಟ. ಒಂದು ಹೋಳಿಗೆಯ ಹಿಟ್ಟು, ಬೆಲ್ಲ, ಶೇಂಗಾ ಎಲ್ಲ ಕೂಡಿದರೆ ಹೆಚ್ಚು ಕಡಿಮೆ ಅಷ್ಟೇ ಆಗುತ್ತದೆ. ಆದ್ದರಿಂದ ಒಂದು ಹೋಳಿಗೆ ತಿನ್ನುವ ಸಕ್ಕರೆ ಕಾಯಿಲೆಯವರು ಒಂದು ರೊಟ್ಟಿ ಬಿಡಬೇಕು. ಅರ್ಧ ತಿಂದರೆ ಅರ್ಧ ಬಿಡಬೇಕು. ಹೋಳಿಗೆಯ ಬೆಲ್ಲ ರೊಟ್ಟಿಗಿಂತ ಬೇಗ ರಕ್ತಕ್ಕೆ ಸೇರುತ್ತದೆ, ಆದ್ದರಿಂದ ಅರ್ಧವೇ ಲೇಸು.

ತಿನ್ನುವ ಕ್ರಮವೂ ಸಹಾಯ ಮಾಡುತ್ತದೆ. ಮೊದಲು ಬಜ್ಜಿ, ಸೌತೆಕಾಯಿ, ಪಲ್ಯ ತಿನ್ನಿರಿ. ನಂತರ ರೊಟ್ಟಿ. ಕೊನೆಗೆ ಸಿಹಿ. ಹಸಿದ ಹೊಟ್ಟೆಗೆ ಮೊದಲೇ ಹೋಳಿಗೆ ತಿಂದರೆ ಶುಗರ್ ಬೇಗ ಏರುತ್ತದೆ. ನಿಧಾನವಾಗಿ ಜಗಿದು ತಿಂದರೆ ಅರ್ಧ ಹೋಳಿಗೆಯಲ್ಲಿಯೇ ಹೊಸ ರುಚಿಯೆಲ್ಲ ತಿಳಿಯುತ್ತದೆ. ಅವಸರದಲ್ಲಿ ನಾಲ್ಕು ತಿಂದವರಿಗೆ ಯಾವುದರ ರುಚಿಯೂ ನೆನಪಿರುವುದಿಲ್ಲ.

"ಬೇಡ" ಎಂದು ಯಾವಾಗ ಹೇಳಬೇಕು?

ತಾಟಿಗೆ ಬಿದ್ದದ್ದನ್ನು ಪ್ರಸಾದವೆಂದು ತಿಳಿದು ಒಂದು ಅಗುಳೂ ಬಿಡದೆ ಉಣ್ಣುವುದು ನಮ್ಮಲ್ಲಿ ಒಳ್ಳೆಯ ಸಂಸ್ಕಾರ. ಆದರೆ ಇದೇ ಕಾರಣಕ್ಕೆ ಅನೇಕ ರೋಗಿಗಳು ಹೊಟ್ಟೆ ತುಂಬಿದ ಮೇಲೂ ತಿನ್ನುತ್ತಾರೆ. ಇದಕ್ಕೆ ಪರಿಹಾರ, ಬಡಿಸುವ ಮೊದಲೇ ಹೇಳುವುದು. "ತಂಗಿ, ನಿನ್ನ ನವಣೆ ಹೋಳಿಗೆ ನೋಡಲೇಬೇಕು, ಅರ್ಧ ಮುರಿದು ಹಾಕವ್ವ" ಎಂದರೆ ಅವರಿಗೆ ಸಂತೋಷ, ನಿಮಗೂ ಕ್ಷೇಮ, ಅನ್ನವೂ ಕೆಡುವುದಿಲ್ಲ. ಬಡಿಸಿದ ಮೇಲೆ "ಬೇಡ" ಎಂದರೆ ಅದು ತಿರಸ್ಕಾರದಂತೆ ಕೇಳಿಸುತ್ತದೆ.

ತಿನ್ನಲೇಬಾರದ ಪದಾರ್ಥವಿದ್ದರೆ ಸತ್ಯವನ್ನೇ ಹೇಳಿರಿ. "ನನ್ನ ಮಾತ್ರೆಗೆ ಇದು ಕೂಡುವುದಿಲ್ಲವಂತೆ, ಆಸ್ಪತ್ರೆಯಲ್ಲಿ ಹೇಳಿದ್ದಾರೆ" ಎಂದು ನಮ್ಮ ಮೇಲೆ ಹಾಕಿದರೂ ಅಡ್ಡಿಯಿಲ್ಲ. ಆ ಅಡುಗೆಯನ್ನು ಮಕ್ಕಳು ಚಪ್ಪರಿಸಿ ತಿನ್ನುವುದನ್ನು ನೋಡಿ "ಭಾರೀ ಆಗೇದಂತ" ಎನ್ನಿರಿ. ಅಡುಗೆಯ ಸಂತೋಷ ನಾಲಿಗೆಗೆ ಮಾತ್ರ ಸೇರಿದ್ದಲ್ಲ.

ಊಟ ತಡವಾದರೆ

ಹೊಲದ ಊಟದಲ್ಲಿ ಪೂಜೆ, ಚರಗ, ಎಲ್ಲರಿಗಾಗಿ ಕಾಯುವುದು ಎಂದು ಮಧ್ಯಾಹ್ನ 2 ಅಥವಾ 3 ಗಂಟೆ ಆಗುವುದು ಸಾಮಾನ್ಯ. ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್, ಗ್ಲಿಬೆನ್‌ಕ್ಲಮೈಡ್‌ನಂಥ ಮಾತ್ರೆ ತೆಗೆದುಕೊಂಡು ಹೊಲದಲ್ಲಿ ನಡೆದಾಡಿದವರಿಗೆ ಶುಗರ್ ಇಳಿಯಬಹುದು. ಬೆವರು, ನಡುಕ, ಎದೆ ಬಡಿತ, ಕಣ್ಣು ಮಂಜು, ತೊದಲು ಮಾತು ಇದರ ಲಕ್ಷಣಗಳು. 70 ಮಿಲಿಗ್ರಾಂಗಿಂತ ಕೆಳಗೆ ಇಳಿದರೆ ಕೂಡಲೇ ಉಪಚಾರ ಬೇಕು.

ಮೂರು ಚಹಾ ಚಮಚ ಸಕ್ಕರೆ ಅಥವಾ ಗ್ಲುಕೋಸ್ ಪುಡಿಯನ್ನು ನೀರಿನಲ್ಲಿ ಕಲಸಿ ಕುಡಿಸಿರಿ. 15 ನಿಮಿಷ ಬಿಟ್ಟು ಮತ್ತೆ ನೋಡಿರಿ, ಕಡಿಮೆಯೇ ಇದ್ದರೆ ಇನ್ನೊಮ್ಮೆ ಕೊಡಿರಿ. ಆಮೇಲೆ ಊಟ ಕೊಡಿರಿ. ಈ ಹೊತ್ತಿನಲ್ಲಿ "ಶುಗರ್ ಇಲ್ಲದ" ಉಂಡಿ ಕೊಟ್ಟರೆ ಪ್ರಯೋಜನವಿಲ್ಲ, ಅದು ಶುಗರನ್ನು ಬೇಗ ಏರಿಸುವುದಿಲ್ಲ. ತುಪ್ಪದ ಹೋಳಿಗೆಯೂ ನಿಧಾನ. ವೋಗ್ಲಿಬೋಸ್ ಅಥವಾ ಅಕಾರ್ಬೋಸ್ ಮಾತ್ರೆ ಕೂಡ ಇರುವವರಿಗೆ ಮನೆಯ ಸಕ್ಕರೆ ಬೇಗ ಹತ್ತುವುದಿಲ್ಲ, ಗ್ಲುಕೋಸ್ ಪುಡಿಯೇ ಬೇಕು. ಆದ್ದರಿಂದ ಬುತ್ತಿಯ ಗಂಟಿನಲ್ಲಿ ಗ್ಲುಕೋಸ್ ಪೊಟ್ಟಣ ಇಟ್ಟುಕೊಳ್ಳಿರಿ. ಪ್ರಜ್ಞೆ ತಪ್ಪಿದವರ ಬಾಯಿಗೆ ಏನನ್ನೂ ಹಾಕದೆ, ಪಕ್ಕಕ್ಕೆ ಮಲಗಿಸಿ, 108 ಕ್ಕೆ ಫೋನ್ ಮಾಡಿರಿ.

ಹಬ್ಬವೆಂದು ಮಾತ್ರೆ ಬಿಡುವುದು, ಸಿಹಿ ತಿಂದೆವೆಂದು ಎರಡು ಮಾತ್ರೆ ನುಂಗುವುದು ಎರಡೂ ತಪ್ಪು. ಊಟದ ಸಮಯ ಬದಲಾಗುವುದಿದ್ದರೆ ಹಿಂದಿನ ದಿನವೇ ನಮ್ಮನ್ನು ಕೇಳಿರಿ.

ಅಡುಗೆ ಮಾಡುವ ತಾಯಂದಿರಿಗೆ

ಮನೆಯ ರೋಗಿಗಾಗಿ ಹೊಸದನ್ನು ಯೋಚಿಸುವ ನಿಮ್ಮ ಪ್ರೀತಿ ದೊಡ್ಡದು. ಮೂರು ಮಾತು ಮಾತ್ರ ಕೇಳಿರಿ. ರೋಗಿಯ ಮಾತ್ರೆಗಳ ಹೆಸರನ್ನು ಮೊದಲು ತಿಳಿದುಕೊಳ್ಳಿರಿ. ಏನು ಹಾಕಿದ್ದೀರಿ ಎಂಬುದನ್ನು ಮುಚ್ಚಿಡಬೇಡಿರಿ, "ಗೊತ್ತಾಗದಂತೆ ಹಾಕಿದ್ದೇನೆ" ಎಂಬ ತಮಾಷೆ ರೋಗಿಯ ಮಟ್ಟಿಗೆ ತಮಾಷೆಯಲ್ಲ. ಹೋಳಿಗೆಯನ್ನು ಅಂಗೈಯಷ್ಟು ಚಿಕ್ಕದಾಗಿ ಮಾಡಿರಿ. ಇಡೀ ಒಂದು ತಿಂದೆನೆಂಬ ಸಮಾಧಾನ ಅವರಿಗೆ, ಅಳತೆ ಮೀರಲಿಲ್ಲವೆಂಬ ಸಮಾಧಾನ ನಿಮಗೆ. ಸಾಧ್ಯವಾದರೆ ರೋಗಿಗೆಂದು ಬೇರೆ ಮಾಡದೆ ಎಲ್ಲರಿಗೂ ಅದನ್ನೇ ಬಡಿಸಿರಿ. ಒಬ್ಬರ ತಾಟು ಮಾತ್ರ ಬೇರೆಯಾದರೆ ಹಬ್ಬದಲ್ಲಿಯೂ ಅವರು ರೋಗಿಯಾಗಿಯೇ ಉಳಿಯುತ್ತಾರೆ.

ನೆನಪಿಡಿರಿ

• ಸಿಹಿ ಯಾವುದು, ಉಪ್ಪು ಯಾವುದು, ಹೊಸದೇನು, ಯಾವಾಗ ಮಾಡಿದ್ದು ಎಂಬ ನಾಲ್ಕು ಪ್ರಶ್ನೆ ಕೇಳಿರಿ.
• ಬೆಲ್ಲ, ಜೇನು, ಖರ್ಜೂರ ಇವೂ ಸಕ್ಕರೆಯೇ.
• ಮೂತ್ರಪಿಂಡದ ತೊಂದರೆ ಇದ್ದವರಿಗೆ ಕಡಿಮೆ ಸೋಡಿಯಂ ಉಪ್ಪು ಬೇಡ.
• ಹೊಸ ಅಡುಗೆಯನ್ನು ಮೇಲೆ ಅಲ್ಲ, ಬದಲಿಗೆ ತಿನ್ನಿರಿ.
• "ಸ್ವಲ್ಪ ಸಾಕು" ಎಂಬುದನ್ನು ಬಡಿಸುವ ಮೊದಲೇ ಹೇಳಿರಿ.
• ಗ್ಲುಕೋಸ್ ಪುಡಿ, ಮಾತ್ರೆಗಳು, ನಿಮ್ಮ ಚೀಟಿ ಜೊತೆಗಿರಲಿ.

ಹಬ್ಬದ ಊಟ ವರ್ಷಕ್ಕೆ ಕೆಲವು ದಿನ ಮಾತ್ರ. ಆ ದಿನ ದೂರ ಕುಳಿತು ನೋಡುವವರಾಗಬೇಡಿರಿ, ಕಣ್ಣು ಮುಚ್ಚಿ ತಿನ್ನುವವರೂ ಆಗಬೇಡಿರಿ. ಮಾಡಿದವರ ಪಕ್ಕದಲ್ಲಿ ಕುಳಿತು, ಏನು ಹಾಕಿದ್ದಾರೆಂದು ಕೇಳಿ, ಚೆನ್ನಾಗಿದ್ದರೆ ಚೆನ್ನಾಗಿದೆ ಎಂದು ಹೇಳಿ ಉಣ್ಣಿರಿ. ಇನ್ನೂ ಸಂಶಯವಿದ್ದರೆ ನಿಮ್ಮ ವೈದ್ಯರನ್ನು ಅಥವಾ ವಾರ್ಡಿನ ದಾದಿಯರನ್ನು ಸಂಕೋಚವಿಲ್ಲದೆ ಕೇಳಿರಿ. ಬರುವ ಸಲ ತಪಾಸಣೆಗೆ ಬಂದಾಗ ನಿಮ್ಮ ಮನೆಯಲ್ಲಿ ಯಾರು ಏನು ಹೊಸದು ಮಾಡಿದ್ದರು ಎಂಬುದನ್ನು ನಮಗೂ ಹೇಳಿರಿ. ಇನ್ನೊಬ್ಬ ರೋಗಿಗೆ ಅದು ಉಪಯೋಗವಾದೀತು.